ತೊಟ್ಟಿಲ ಹಿಂದಿನ ತಾಟು

೧೯೮೭ ಮಾರ್ಚ್ ೮, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಹುಡಗಿ ಎಂಬ ಊರಿನಲ್ಲಿ, ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕೂತು ಬರೆಯಲು ಶುರು ಮಾಡಿದ್ದೇನೆ. ಐದು ಗಂಟೆಗೆ ಸೋದರಮಾವನ ಮಗಳನ್ನು ತೊಟ್ಟಿಲಿಗೆ ಹಾಕುತ್ತಾರೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಕಂಚಿನ ತಾಟು ಅಂಗಳದ ಕಟ್ಟೆಯ ಮೇಲೆ ಒಣಗುತ್ತಿದೆ. ಪಡಸಾಲೆಯ ಮೂಲೆಯಲ್ಲಿ ಚಿಕ್ಕಮ್ಮ ನಿನ್ನೆ ಸಂಜೆ ಕಟ್ಟಿಟ್ಟ ಬಟ್ಟೆಯ ಗಂಟು ಇದೆ. ಇವೆರಡನ್ನೂ ನೋಡದೆ ಬರೆಯಬೇಕೆಂದು ಗೋಡೆಗೆ ಮುಖ ಮಾಡಿ ಕೂತೆ. ಆಗಲಿಲ್ಲ. ಆಗಲೇ ಎರಡು ಸಲ ಎದ್ದು ಹೋಗಿ ಬಂದೆ.

ಚಿಕ್ಕಮ್ಮ ಅವ್ವನ ತಂಗಿ, ಹುಟ್ಟುಕಿವುಡಿ. ಈ ಮನೆಯಲ್ಲೇ ಹುಟ್ಟಿ, ಇಲ್ಲೇ ಇರುವವಳು. ಮಾವನ ಹೆಂಡತಿಯ ತಾಯಿ ಬಾಣಂತನಕ್ಕೆಂದು ಮುಡಬಿಯಿಂದ ಬಂದಿದ್ದಾರೆ. ಮೊದಲ ಹೆರಿಗೆ ತವರಿನಲ್ಲಾಗಬೇಕಿತ್ತು. ದೂರದ ಪ್ರಯಾಣ ಬೇಡವೆಂದು ಹುಮನಾಬಾದಿನ ಡಾಕ್ಟರು ತಡೆದಿದ್ದರಿಂದ ತಾಯಿಯೇ ಇಲ್ಲಿಗೆ ಬಂದರು. ನಿನ್ನೆ ಚಿಕ್ಕಮ್ಮ ತೊಟ್ಟಿಲಿಗೆ ಹಗ್ಗ ಬಿಗಿಯುತ್ತಿದ್ದಾಗ ಆ ಬೀಗಿತ್ತಿ ಹಗ್ಗ ಕಿತ್ತುಕೊಂಡು, ಈಕೆಯ ಕೈ ತೊಟ್ಟಿಲಿಗೆ ತಾಗಬಾರದು ಎಂದರು. ಮಾತು ಕೇಳಿಸದಿದ್ದರೇನು, ಮುಖ ಕಾಣುತ್ತದಲ್ಲ. ಚಿಕ್ಕಮ್ಮ ಎರಡು ಸೀರೆ, ಒಂದು ಕಂಬಳಿ, ತನ್ನ ಕನ್ನಡಿ ಇಷ್ಟನ್ನು ಗಂಟು ಕಟ್ಟಿ, ಸೋಮವಾರ ನನ್ನ ಜೊತೆ ಬಸವಕಲ್ಯಾಣದ ಬಸ್ಸಿಗೆ ಬರುತ್ತೇನೆಂದು ಕೈಯಲ್ಲಿ ಹೇಳಿದಳು. ಮೂವತ್ತು ವರ್ಷ ಬಾಳಿದ ಮನೆಯಿಂದ ಅವಳು ಹೊರಡುವುದೋ ಉಳಿಯುವುದೋ, ಇವತ್ತು ಸಂಜೆ ಆ ತಾಟಿನ ಎದುರಿಗೆ ಗೊತ್ತಾಗುತ್ತದೆ. ಹೀಗಾಗುವುದಕ್ಕೆ ನಾಲ್ಕು ವರ್ಷದ ಹಿಂದೆ ನಾನು ಆಡಿದ ಒಂದು ಮಾತೂ ಕಾರಣ. ಅದಕ್ಕೇ ಕೂತಲ್ಲಿ ಕೂರಲಾಗುತ್ತಿಲ್ಲ.

ಮೊದಲು ತಾಟಿನ ವಿಷಯ ಬರೆಯುತ್ತೇನೆ.

ನಮ್ಮ ಮನೆತನದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಅದರ ತಲೆಯ ಹಿಂದೆ ನಿಂತು ತಾಟು ಬಾರಿಸುತ್ತಾರೆ. ಇದು ಊರಿನ ಪದ್ಧತಿಯಲ್ಲ, ಜಾತಿಯ ಪದ್ಧತಿಯೂ ಅಲ್ಲ, ಅಜ್ಜಿ ಹಾಕಿದ ಪದ್ಧತಿ. ಚಿಕ್ಕಮ್ಮ ಹುಟ್ಟಿದ್ದು ೧೯೫೬ರಲ್ಲಿ, ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಎರಡು ವರ್ಷದವಳಿದ್ದಾಗ ಅವಳ ಬೆನ್ನ ಹಿಂದೆಯೇ ನೀರು ತುಂಬಿದ ತಾಮ್ರದ ಕೊಡ ಬಿದ್ದು ಮನೆಮಂದಿಯೆಲ್ಲ ಬೆಚ್ಚಿದರಂತೆ. ಅವಳು ಮಾತ್ರ ಕವಡೆ ಸಾಲಾಗಿಡುತ್ತ ಕೂತೇ ಇದ್ದಳಂತೆ. ನೀರು ಬಂದು ಲಂಗ ತೊಯ್ದಾಗಷ್ಟೇ ತಿರುಗಿ ನೋಡಿದ್ದು. ಇನ್ನು ಮುಂದೆ ಈ ಮನೆಯ ಯಾವ ಕೂಸಿನ ವಿಷಯದಲ್ಲೂ ಎರಡು ವರ್ಷ ಮೋಸ ಹೋಗಬಾರದೆಂದು ಅಜ್ಜಿ ಅಂದೇ ತೀರ್ಮಾನಿಸಿದಳು.

ಮೊದಲ ಸಲ ತಾಟು ಬಾರಿಸಿದ್ದು ೧೯೬೨ರಲ್ಲಿ, ನನ್ನ ಅಣ್ಣನ ತೊಟ್ಟಿಲ ಹಿಂದೆ. ಕೂಸು ಗಟ್ಟಿಯಾಗಿ ಕಣ್ಣು ಪಿಳುಕಿಸಿತು. ಅಜ್ಜಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಣ್ಣ ಕಿವುಡನೆಂದು ತಿಳಿದದ್ದು ಅವನಿಗೆ ಎರಡೂವರೆ ವರ್ಷವಾದಾಗ. ಆಮೇಲೆ ಅಜ್ಜಿಗೆ ನೆನಪಾಯಿತಂತೆ, ಅವತ್ತು ಸಂಜೆಯ ಬಿಸಿಲು ಬಾಗಿಲಿನಿಂದ ನೇರ ತಾಟಿನ ಮೇಲೆ ಬೀಳುತ್ತಿತ್ತು. ಬಾರಿಸಿದಾಗ ತಾಟಿನ ಹೊಳಪು ಕೂಸಿನ ಮುಖದ ಮೇಲೆ ಆಡಿತ್ತು. ಅದು ಪಿಳುಕಿಸಿದ್ದು ಸಪ್ಪಳಕ್ಕಲ್ಲ, ಬೆಳಕಿಗೆ.

ಅವ್ವ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಆ ಎರಡೂವರೆ ವರ್ಷವೂ ಆರೇಳು ವರ್ಷದ ಚಿಕ್ಕಮ್ಮ ಕೂಸಿನ ಮುಂದೆ ಕೂತು ಕೈ ಆಡಿಸುತ್ತಿದ್ದಳಂತೆ. ಹಾಲು, ಬೆಕ್ಕು, ಅಜ್ಜಿ ಎಂದೆಲ್ಲ ತನ್ನ ಕೈಗಳಲ್ಲಿ ಹೇಳುತ್ತಿದ್ದಳಂತೆ. ಕಿವಿ ಕೇಳುವ ಕೂಸು ಇವಳನ್ನು ನೋಡಿ ಮಾತು ಮರೆತೀತು ಎಂದು ದೊಡ್ಡವರು ಅವಳ ಕೈ ಹಿಡಿದು ಎಳೆದು ಆಚೆ ಕೂರಿಸುತ್ತಿದ್ದರಂತೆ.

ನಾನು ಹುಟ್ಟಿದ್ದು ೧೯೬೫ರಲ್ಲಿ. ಈ ಸಲ ಅಜ್ಜಿ ಬಾಗಿಲು ಹಾಕಿಸಿ, ತಾಟಿಗೆ ಸೆರಗು ಮುಚ್ಚಿ, ಲಟ್ಟಣಿಗೆಯಿಂದ ಬಾರಿಸಿದಳು. ನಾನು ಮನೆ ಹಾರುವಂತೆ ಅತ್ತೆನಂತೆ. ಅಳು ನಿಲ್ಲುವ ಮೊದಲೇ ಅಜ್ಜಿ ಹೇಳಿಬಿಟ್ಟಳು: "ಇಕಿ ನನ್ನ ಮಗನ ಹೆಣ್ತಿ."

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಹೊಸದಲ್ಲ. ಅವ್ವನೂ ತನ್ನ ಸೋದರಮಾವನನ್ನೇ ಮದುವೆಯಾದವಳು. ಅಂದರೆ ನನ್ನ ಅಪ್ಪ ಅಜ್ಜಿಯ ತಮ್ಮ. ಅಜ್ಜಿ ಮತ್ತು ಅಜ್ಜ ಸೋದರತ್ತೆ ಸೋದರಮಾವನ ಮಕ್ಕಳು. ಹೊಲ ಒಡೆಯಬಾರದೆಂಬುದು ಒಂದು ಕಾರಣವಾದರೆ, ನಮ್ಮ ಮನೆಯಲ್ಲಿ ಇನ್ನೊಂದಿತ್ತು. ಅಜ್ಜಿಯ ನಂತರ ಚಿಕ್ಕಮ್ಮನನ್ನು ನೋಡಿಕೊಳ್ಳುವವರು ಯಾರು? ಹೊರಗಿನ ಸೊಸೆ ಕಿವುಡಿ ನಾದಿನಿಯನ್ನು ಇಟ್ಟುಕೊಂಡಾಳೆಯೇ? ಒಳಗಿನ ಹುಡುಗಿಯಾದರೆ ಅವಳ ಕೈಮಾತು ತಿಳಿದವಳು, ಅವಳ ತೊಡೆಯ ಮೇಲೆ ಬೆಳೆದವಳು. ಹಾಗಾಗಿ ನಾನು ದೊಡ್ಡವಳಾಗುವ ತನಕ ಮಾವ ಮದುವೆಯಾಗದೆ ಉಳಿದ.

ಮಾವನದು ಹಿಟ್ಟಿನ ಗಿರಣಿ. ಚಿಕ್ಕಮ್ಮನೂ ಅಲ್ಲೇ ಕೆಲಸ ಮಾಡುತ್ತಾಳೆ. ಗಿರಣಿ ಶುರುವಾದರೆ ಯಾರ ಮಾತು ಯಾರಿಗೂ ಕೇಳಿಸುವುದಿಲ್ಲ. ಜೋಳ ತಂದವರೆಲ್ಲ ಕೈಯಲ್ಲೇ ಹೇಳುತ್ತಾರೆ: ಸಣ್ಣಗೆ, ದಪ್ಪ, ಇಷ್ಟು ಸಾಕು, ನಾಳೆ ಬರುತ್ತೇನೆ. ಅಲ್ಲಿ ತಡವರಿಸುವವರು ಅವರು. ಚಿಕ್ಕಮ್ಮ ಅವರ ಕೈಮಾತಿನ ತಪ್ಪು ನೋಡಿ ಸೆರಗು ಬಾಯಿಗಿಟ್ಟು ನಗುತ್ತಾಳೆ.

ಮೂರೂ ಮುಕ್ಕಾಲು. ಬೀಗಿತ್ತಿ ಗುಗ್ಗರಿಗೆ ಕಡಲೆ ಬೇಯಿಸುತ್ತಿದ್ದಾರೆ. ಚಿಕ್ಕಮ್ಮ ಕಾಣುತ್ತಿಲ್ಲ. ಎದ್ದು ನೋಡಿ ಬಂದೆ; ಹಿತ್ತಿಲಲ್ಲಿ ಎಮ್ಮೆಗೆ ಕಣಿಕೆ ಹಾಕುತ್ತಿದ್ದಾಳೆ.

೧೯೮೧ರಲ್ಲಿ ಪಿಯುಸಿ ವಿಜ್ಞಾನ ಓದಲು ನಾನು ಬಸವಕಲ್ಯಾಣ ಬಿಟ್ಟು ಹುಡಗಿಗೆ ಬಂದೆ. ಇಲ್ಲಿಂದ ದಿನಾ ಹುಮನಾಬಾದಿನ ಕಾಲೇಜಿಗೆ ಹೋಗುತ್ತಿದ್ದೆ. ಎರಡನೆಯ ವರ್ಷ ಪ್ರಾಣಿಶಾಸ್ತ್ರದ ಮೇಷ್ಟ್ರು ವಂಶವಾಹಿಗಳ ಪಾಠ ಮಾಡಿದರು. ಧಾರವಾಡದ ಕಡೆಯವರು, ವಯಸ್ಸು ಮೂವತ್ತರ ಒಳಗೆ. ಪಾಠದ ಕೊನೆಗೆ, ಪುಸ್ತಕದಲ್ಲಿಲ್ಲದ್ದನ್ನು ಹೇಳಿದರು. ಮನುಷ್ಯನ ಒಂದು ವಂಶವಾಹಿಯನ್ನು ತೆಗೆದು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದ ಇನ್ಸುಲಿನ್ ತಯಾರಿಸಲು ಪರದೇಶದಲ್ಲಿ ಶುರು ಮಾಡಿದ್ದಾರೆ. ಇವತ್ತು ಬ್ಯಾಕ್ಟೀರಿಯಾಕ್ಕೆ ಮಾಡಿದ್ದನ್ನು ಮುಂದೊಂದು ದಿನ ಮನುಷ್ಯನ ಬೀಜಕ್ಕೇ ಮಾಡಬಹುದು. ಹುಟ್ಟುವ ಮೊದಲೇ ದೋಷ ತಿದ್ದಬಹುದು ಎಂದರು.

ನಾನು ಅವತ್ತಿನ ದಿನಚರಿಯಲ್ಲಿ ಈ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ದಿನಾ ಚುಚ್ಚಿಕೊಳ್ಳುವ ಔಷಧವನ್ನು ದನ ಹಂದಿಗಳ ಒಡಲಿನಿಂದ ತೆಗೆಯುತ್ತಾರೆಂದು ಅವತ್ತೇ ನನಗೆ ತಿಳಿದದ್ದು. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ, ಹೇಳಿದರೆ ಬಿಟ್ಟುಬಿಡುತ್ತಾನೆ. ಯಾವ ಪ್ರಾಣಿಯನ್ನೂ ಕೊಲ್ಲದೆ ಸಣ್ಣ ಸಣ್ಣ ಜೀವಿಗಳು ಕಡಾಯಿಯಲ್ಲಿ ಕೂತು ಅಪ್ಪನ ಔಷಧ ಮಾಡಿಕೊಡುತ್ತವೆ ಎಂದರೆ ಅದಕ್ಕಿಂತ ಒಳ್ಳೆಯದು ಯಾವುದಿದೆ? ಮನೆಗೆ ಬರುವ ತನಕ ಅದೇ ಯೋಚನೆ. ಆಮೇಲೆ ಅಣ್ಣನ ಯೋಚನೆ. ಆಮೇಲೆ ನನ್ನ ಮದುವೆಯ ಯೋಚನೆ.

ಮರುದಿನ ಮೇಷ್ಟ್ರ ಕೋಣೆಗೆ ಹೋಗಿ ನಮ್ಮ ಮನೆಯ ಸಂಬಂಧಗಳನ್ನೆಲ್ಲ ಹೇಳಿದೆ. ಅವರು ಲೆಕ್ಕ ಹಾಕುವ ಬಗೆ ತೋರಿಸಿದರು. ಇಬ್ಬರ ಕಿವುಡುತನವೂ ಒಂದೇ ಬಗೆಯದು, ಅಪ್ಪ ಅವ್ವ ಇಬ್ಬರಿಂದಲೂ ಬಂದರಷ್ಟೇ ಕಾಣುವಂಥದು ಎಂದು ಇಟ್ಟುಕೊಂಡರೆ, ಮಾವನಲ್ಲಿ ಅದು ಅಡಗಿರುವ ಸಂಭವ ಮೂರಕ್ಕೆ ಎರಡು. ಅಣ್ಣ ಕಿವುಡನಾದ್ದರಿಂದ ನನ್ನಲ್ಲೂ ಮೂರಕ್ಕೆ ಎರಡು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೆ ನಾಲ್ಕಕ್ಕೆ ಒಂದು. ಗುಣಿಸಿದೆ. ಒಂಬತ್ತಕ್ಕೆ ಒಂದು. ಹೊರಗಿನವರನ್ನು ಮದುವೆಯಾದರೆ ಬಹಳ ಕಡಿಮೆ.

ಮೇಷ್ಟ್ರು ನನ್ನ ಕಾಗದ ನೋಡಿ, "ಲೆಕ್ಕ ಬರೋಬರಿ ಐತಿ" ಎಂದರು. "ಆದ್ರ ಲೆಕ್ಕ ಆದ ಮ್ಯಾಲೆ ಏನು ಮಾಡಬೇಕು ಅನ್ನೋದು ನನ್ನ ಪಾಠದಾಗ ಇಲ್ಲ ನೋಡ್ರಿ."

ಆ ತಿಂಗಳಲ್ಲೇ ಅವ್ವ ಅಪ್ಪ ಮದುವೆಯ ಮಾತಿಗೆಂದು ಹುಡಗಿಗೆ ಬಂದರು. ಅಣ್ಣನೂ ಬಂದಿದ್ದ. ಅಣ್ಣ ಬಸವಕಲ್ಯಾಣದಲ್ಲಿ ಕೋಟೆಯ ಕೆಳಗಿನ ರಸ್ತೆಯಲ್ಲಿ ಅರಿವೆ ಅಂಗಡಿಯ ಮುಂದೆ ಮಷೀನು ಇಟ್ಟುಕೊಂಡ ದರ್ಜಿ. ಇಲ್ಲಿಗೆ ಬಂದಾಗ ಅಜ್ಜಿಯ ಹಳೆಯ ಮಷೀನಿನಲ್ಲಿ ಮನೆಯ ಹೆಂಗಸರ ಕುಪ್ಪಸ ಹೊಲಿದುಕೊಡುತ್ತಾನೆ. ನಾನು ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕೆಂದು ಪಡಸಾಲೆಯ ನೆಲದ ಮೇಲೆ ಕಾಳುಗಳನ್ನಿಟ್ಟೆ. ಗಂಡಸರಿಗೆ ಕಡಲೆ, ಹೆಂಗಸರಿಗೆ ತೊಗರಿ. ಅಜ್ಜ ಅಜ್ಜಿ ಮೇಲೆ, ಅವರ ಕೆಳಗೆ ಅವ್ವ, ಮಾವ, ಚಿಕ್ಕಮ್ಮ. ಅವ್ವನ ಪಕ್ಕದಲ್ಲಿ ಅಪ್ಪ. ಅವರ ಕೆಳಗೆ ಅಣ್ಣ ಮತ್ತು ನಾನು. ಚಿಕ್ಕಮ್ಮ ಮತ್ತು ಅಣ್ಣನ ಜಾಗದಲ್ಲಿ ಮಾತ್ರ ಕರಿ ಉದ್ದಿನ ಕಾಳು.

ಅಜ್ಜಿ ಅಡಿಕೆ ಕತ್ತರಿಸುತ್ತ ನೋಡಿದಳು. "ಹುಮನಾಬಾದಿಗಿ ಹೋಗಿ ಇಷ್ಟ ಓದಿ, ಕಾಳ ಆರ್ಸೋದು ಕಲ್ತು ಬಂದಿ ಏನವ್ವ? ನನಗ ಕೇಳಿದ್ರ ಮನ್ಯಾಗೇ ಕಲಿಸ್ತಿದ್ದೆ."

ನಾನು ಬಿಡಲಿಲ್ಲ. ಒಂಬತ್ತಕ್ಕೆ ಒಂದು ಹೇಳಿದೆ. ಮುಂದೆ ಇದಕ್ಕೆಲ್ಲ ಇಲಾಜು ಬರುತ್ತದೆ, ಹುಟ್ಟುವ ಮೊದಲೇ ತಿದ್ದುತ್ತಾರೆ, ಆಗ ನಮ್ಮ ಮನೆ ಹೀಗಿರುತ್ತದೆ ಎಂದು ಎರಡು ಉದ್ದಿನ ಕಾಳನ್ನೂ ತೆಗೆದು ಪಕ್ಕಕ್ಕೆ ಸರಿಸಿದೆ. ಚಿಕ್ಕಮ್ಮನ ಜಾಗದಲ್ಲಿ ಒಂದು ತೊಗರಿ, ಅಣ್ಣನ ಜಾಗದಲ್ಲಿ ಒಂದು ಕಡಲೆ ಇಟ್ಟೆ. ಬಾಯಲ್ಲಿ ಹೇಳಿದ್ದನ್ನೆಲ್ಲ ಅಭ್ಯಾಸಬಲದಿಂದ ಕೈಯಲ್ಲೂ ಹೇಳುತ್ತಿದ್ದೆ.

ಹೊಲಿಗೆಯ ಮಷೀನು ನಿಂತಿತು. ಅಣ್ಣ ಎದ್ದು ಬಂದು ಕಾಳುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ತನ್ನ ಜಾಗದಲ್ಲಿದ್ದ ಕಡಲೆಯ ಮೇಲೆ ಬೆರಳಿಟ್ಟು, ಹುಬ್ಬೇರಿಸಿ ಅಂಗೈ ತಿರುಗಿಸಿದ. ನಮ್ಮ ಮನೆಯ ಕೈಮಾತಿನಲ್ಲಿ ಅದರ ಅರ್ಥ, ಇವನು ಯಾರು?

ನೀನೇ, ಕಿವಿ ಕೇಳುವ ನೀನು ಎಂದೆ.

ಅವನು ತಲೆ ಅಲ್ಲಾಡಿಸಿದ. ಪಕ್ಕಕ್ಕೆ ಸರಿಸಿದ್ದ ಉದ್ದನ್ನು ತೋರಿಸಿ ಎದೆ ಮುಟ್ಟಿಕೊಂಡ. ಮತ್ತೆ ಕಡಲೆಯನ್ನು ತೋರಿಸಿ ಕೇಳಿದ: ಇವನಿಗೆ ಹೊಲಿಗೆ ಬರುತ್ತದೆಯೇ? ನಿನ್ನ ಕುಪ್ಪಸದ ಅಳತೆ ಇವನಿಗೆ ಗೊತ್ತೇ? ಕೇಳಿದವನೇ ಆ ಕಡಲೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡು ಕಟಂ ಎಂದು ಕಡಿದ. ಮಾವ ಹೊಟ್ಟೆ ಹಿಡಿದು ನಕ್ಕ. ಅಣ್ಣನೂ ನಕ್ಕ. ಚಿಕ್ಕಮ್ಮ ನಗಲಿಲ್ಲ. ಅವಳು ಬಗ್ಗಿ, ಉದ್ದಿನ ಕಾಳುಗಳನ್ನು ಮೊದಲಿನ ಜಾಗಕ್ಕೆ ಇಟ್ಟು, ತನ್ನ ಬದಲು ಬಂದಿದ್ದ ತೊಗರಿಯನ್ನು ಮೊರಕ್ಕೆ ಹಾಕಿ ಗಿರಣಿಗೆ ಹೋದಳು.

ಅವಳು ಯಾಕೆ ನಗಲಿಲ್ಲವೆಂದು ಅವ್ವ ಆಮೇಲೆ ಹೇಳಿದಳು. ೧೯೭೬ರಲ್ಲಿ, ಮಕ್ಕಳಾಗದ ಹಾಗೆ ಆಪರೇಷನ್ ಮಾಡಲು ಹಳ್ಳಿ ಹಳ್ಳಿಗೆ ಜೀಪು ಬರುತ್ತಿದ್ದಾಗ, ಓಣಿಯ ಹಿರಿಯನೊಬ್ಬ ಬಂದು, ಈ ಹುಡುಗಿಯನ್ನೂ ಹತ್ತಿಸಿ ಕಳಿಸು, ಮುಂದೆ ಇಂಥವು ಹುಟ್ಟುವುದೇ ಬೇಡ ಎಂದು ಅಜ್ಜಿಗೆ ಬುದ್ಧಿ ಹೇಳಿದ್ದನಂತೆ. ಚಿಕ್ಕಮ್ಮನಿಗೆ ಆಗ ಇಪ್ಪತ್ತು, ಮದುವೆಯಾಗಿರಲಿಲ್ಲ. ಅಜ್ಜಿ ಅವನನ್ನು ಅಂಗಳ ದಾಟಿಸಿದಳು. ಆದರೆ ಆ ಮನುಷ್ಯ ಮಾತಾಡಿದ್ದು ಚಿಕ್ಕಮ್ಮನ ಎದುರಿಗೇ, ಅವಳ ಕಡೆ ಕೈ ತೋರಿಸಿ. ಅವನೂ ಕೆಟ್ಟದ್ದು ಬಯಸಿ ಬಂದವನಲ್ಲ, ನಿಮ್ಮ ಒಳ್ಳೆಯದಕ್ಕೇ ಹೇಳಿದೆ ಎನ್ನುತ್ತಲೇ ಹೋದನಂತೆ.

ಅಂದಿನಿಂದ ನನ್ನ ತಲೆಯಲ್ಲಿ ಎರಡು ಚಿತ್ರ ಒಟ್ಟಿಗೇ ಬರುತ್ತವೆ. ಅಪ್ಪನ ಔಷಧ ಮಾಡುವ ಆ ಸಣ್ಣ ಜೀವಿಗಳ ಕಡಾಯಿ, ಮತ್ತು ಅಂಗಳದಲ್ಲಿ ನಿಂತು ಒಳ್ಳೆಯದಕ್ಕೇ ಹೇಳುತ್ತಿರುವ ಆ ಹಿರಿಯ. ಹುಟ್ಟುವ ಮೊದಲೇ ತಿದ್ದುವ ವಿದ್ಯೆ ಬಂದ ದಿನ ನಮ್ಮ ಅಂಗಳಕ್ಕೆ ಮೊದಲು ಬರುವವನು ಡಾಕ್ಟರೋ, ಅವನೋ?

ಆದರೂ ನನಗೆ ಮದುವೆ ಬೇಡವಾಗಿತ್ತು. ಅಣ್ಣನ ಪ್ರಶ್ನೆಗೆ ಉತ್ತರ ಸಿಗದಿದ್ದರೂ ಒಂಬತ್ತಕ್ಕೆ ಒಂದು ಸುಳ್ಳಾಗಲಿಲ್ಲ. ಮೂರನೆಯ ದಿನ ಗಿರಣಿಗೆ ಹೋದೆ. ಮಾವ ಬೀಸುವ ಕಲ್ಲಿಗೆ ಕಚ್ಚು ಹಾಕುತ್ತಿದ್ದ, ಮಷೀನು ನಿಂತಿತ್ತು.

"ಮಾಮಾ, ನಾ ನಿನ್ನ ಮದಿವಿ ಆಗಂಗಿಲ್ಲ" ಎಂದೆ.

ಅವನು ತಲೆ ಎತ್ತಲಿಲ್ಲ. "ಆ ಉದ್ದಿನ ಕಾಳಿನ ಸಲುವಾಗಿ ಏನು?"

"ಅದೂ ಅದ. ಓದಬೇಕು ಅನ್ನೋದೂ ಅದ. ನೀ ನನ್ನ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ಆಡ್ಸೀದಿ, ಅದೂ ಅದ."

ಕಲ್ಲಿಗೆ ಇನ್ನೆರಡು ಕಚ್ಚು ಹಾಕಿದ. ಆಮೇಲೆ ಹೇಳಿದ: "ನಿನ್ನ ತೊಟ್ಟಲದಾಗ ಹಾಕಿದಾಗ ನನಗ ಹತ್ತು ವರ್ಷ. ಇಕಿ ನಿನ್ನ ಹೆಣ್ತಿ ಅಂದ್ರು. ನಾ ಗೋಟಿ ಆಡಾಕ ಹೋದೆ. ಆಮ್ಯಾಲ ನನ್ನೂ ಯಾರೂ ಕೇಳಿಲ್ಲವ್ವ." ಉಳಿ ಕೆಳಗಿಟ್ಟ. "ನನ್ನ ಫಿಕರ್ ಬ್ಯಾಡ. ಆದ್ರ ಹೊರಗಿನಾಕಿ ಬಂದು ನನ್ನ ತಂಗೀಗಿ ನಡಿ ಅಂದ್ರ, ಆಕಿ ಎಲ್ಲಿಗಿ ಹೋಗಬೇಕು?"

ನನ್ನ ಮನೆಗೆ ಬರಲಿ ಎಂದೆ. ಆಗ ನನಗೆ ಹದಿನೆಂಟು; ನನ್ನದೆಂಬ ಮನೆ ಇರಲಿಲ್ಲ, ಈಗಲೂ ಇಲ್ಲ. ಮಾವನೇ ಅಜ್ಜಿಗೆ ಹೇಳಿ ಮಾತು ಮುರಿದ. ಅಜ್ಜಿ ನನ್ನ ಜೊತೆ ಒಂದು ವರ್ಷ ಮಾತಾಡಲಿಲ್ಲ. ನಾನು ಬಿಎಸ್ಸಿ ಮುಗಿಸಿ ಬಸವಕಲ್ಯಾಣದಲ್ಲಿ ಹೈಸ್ಕೂಲಿಗೆ ಪಾಠ ಮಾಡಲು ಸೇರಿದೆ. ಮಾವನಿಗೆ ೧೯೮೫ರಲ್ಲಿ ಮುಡಬಿಯ ಹುಡುಗಿ ಸಿಕ್ಕಳು. ಆ ಹೊಸ ಅತ್ತೆಗೆ ನಾನು ರಜೆಯಲ್ಲಿ ಬಂದಾಗಲೆಲ್ಲ ಕೈಮಾತು ಕಲಿಸಿದೆ. ಮೂಗುತಿ ಮುಟ್ಟಿದರೆ ಅಜ್ಜಿ. ಹಿಟ್ಟು ತಿಕ್ಕಿ ನೋಡುವಂತೆ ಬೆರಳಾಡಿಸಿದರೆ ಮಾವ. ಬೆರಳನ್ನು ಕತ್ತರಿ ಮಾಡಿದರೆ ಅಣ್ಣ. ಅಂಗೈ ಮೇಲೆ ಬರೆದರೆ ನಾನು. ಇಂಥವನ್ನು ದಿನಚರಿಯ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತ ಬಂದಿದ್ದೇನೆ. ಇವತ್ತಿಗೆ ನೂರಾ ಎಂಬತ್ತಾರು. ಅತ್ತೆ ನನಗಿಂತ ಬೇಗ ಕಲಿತಳು, ಗಿರಣಿಯ ಗದ್ದಲ ಅವಳಿಗೆ ಶಾಲೆಯಾಯಿತು. ಅವಳ ತಾಯಿ ಬರುವ ತನಕ ಎಲ್ಲವೂ ಸರಿ ಇತ್ತು.

ನಾಲ್ಕೂ ಐವತ್ತು. ಹೆಂಗಸರು ಬರುತ್ತಿದ್ದಾರೆ. ಮುಚ್ಚಿಡುತ್ತೇನೆ.

ಸೋಮವಾರ, ಬೆಳಗ್ಗೆ ಏಳು ಗಂಟೆ. ನಿನ್ನೆಯದನ್ನು ಮರೆಯುವ ಮೊದಲು ಬರೆಯುತ್ತೇನೆ.

ತೊಟ್ಟಿಲ ಸುತ್ತ ಹತ್ತು ಹನ್ನೆರಡು ಹೆಂಗಸರಿದ್ದರು. ಕೂಸನ್ನು ಮಲಗಿಸಿದರು, ಜೋಗುಳವಾಯಿತು. ಚಿಕ್ಕಮ್ಮ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಕಂಬದ ಹತ್ತಿರ ನಿಂತಿದ್ದಳು, ಬಸ್ಸು ಇನ್ನೇನು ಬಂತು ಎನ್ನುವ ಹಾಗೆ. ಅಜ್ಜಿ ಬಾಗಿಲು ಹಾಕಿಸಿ, ತಾಟು ಮತ್ತು ಲಟ್ಟಣಿಗೆಯನ್ನು ನನ್ನ ಕೈಗೆ ಕೊಟ್ಟಳು. "ನೀ ಬಾರ್ಸು. ನೀ ಕಲ್ತಾಕಿ."

ತಾಟು ಇನ್ನೂ ಬೆಚ್ಚಗಿತ್ತು. ಚಿಕ್ಕಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ಆ ತಾಟು ಯಾವುದಕ್ಕೆಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಬಾರಿಸಿ ಕೂಸು ಬೆಚ್ಚಿದರೆ ಅವಳ ಎದುರಿಗೇ ಎಲ್ಲರೂ ಹಿಗ್ಗುತ್ತಾರೆ, ಅವಳಂಥದು ಹುಟ್ಟಲಿಲ್ಲವೆಂದು. ಬೆಚ್ಚದಿದ್ದರೆ ಎಲ್ಲರೂ ಅವಳ ಕಡೆಗೇ ತಿರುಗುತ್ತಾರೆ. ನನಗೆ ಲಟ್ಟಣಿಗೆ ಎತ್ತಲಾಗಲಿಲ್ಲ.

ಹೊರಸಿನ ಮೇಲೆ ಕೂತಿದ್ದ ಅತ್ತೆ ಎದ್ದು ನಿಂತಳು. ಬಾಣಂತಿ ಏಳಬಾರದೆಂದು ಯಾರೋ ಅಂದರು. ಅವಳು ಕೇಳಲಿಲ್ಲ. ಅಜ್ಜಿಯನ್ನು ನೋಡಿ ಹೇಳಿದಳು: "ಅತ್ತಿ, ತಾಟ ಬಾರ್ಸಿ ಕೇಳಿಸ್ತು ಅಂದ್ರ ಸಕ್ಕರಿ ಹಂಚ್ತೀರಿ. ಕೇಳಿಸಿಲ್ಲ ಅಂದ್ರ ಏನ್ ಮಾಡ್ತೀರಿ?"

ಬೀಗಿತ್ತಿಯೇ ಉತ್ತರ ಕೊಟ್ಟರು: "ಮೊದ್ಲೇ ತಿಳ್ಕೊಂಡಿರೋದು ಛಲೋ ಅಲ್ಲೇನವ್ವ?"

"ಹೌದವ್ವ, ಛಲೋ. ತಿಳಿದ ಮ್ಯಾಲ ಈ ಕೂಸಿಗಿ ಮಾತ ಕಲಿಸೋರು ಯಾರು? ನೀನು? ನಾನು?" ಅತ್ತೆ ಕಂಬದ ಕಡೆ ಕೈ ತೋರಿಸಿದಳು. "ಆಗ ಆಕಿನೇ ಬೇಕಲ್ಲ. ಇವತ್ತ ಬಸ್ ಹತ್ತಿಸಿ ಕಳಿಸಿ, ನಾಳಿ ಕರ್ಯಾಕ ಯಾರು ಹೋಗ್ತೀರಿ?"

ಬೀಗಿತ್ತಿ ಸೆರಗು ಸರಿಪಡಿಸಿಕೊಂಡರು. ಅತ್ತೆ ನನ್ನ ಕೈಯಿಂದ ತಾಟು ಇಸಿದುಕೊಂಡು, ಅದರ ತುಂಬ ಗುಗ್ಗರಿ ಸುರಿದು, ಚಿಕ್ಕಮ್ಮನ ಮುಂದೆ ಹಿಡಿದಳು. ಹಂಚು ಎಂದು ಕೈಯಲ್ಲಿ ಹೇಳಿದಳು. ತಾಟು ಹಿಡಿಯಲು ಎರಡೂ ಕೈ ಬೇಕು. ಚಿಕ್ಕಮ್ಮ ಗಂಟನ್ನು ಕೆಳಗಿಡಬೇಕಾಯಿತು.

ಹಂಚಿ ಮುಗಿದ ಮೇಲೆ ಅತ್ತೆ ಅವಳನ್ನು ತೊಟ್ಟಿಲ ಹತ್ತಿರ ಕರೆದು ಇನ್ನೊಂದು ಕೇಳಿದಳು. ಬಾಯಲ್ಲಿ ಕರೆಯುವ ಹೆಸರು ಸೋದರತ್ತೆ ಇಡಬೇಕು, ಅದು ಪದ್ಧತಿ. ಕೈಯಲ್ಲಿ ಕರೆಯುವ ಹೆಸರನ್ನೂ ನೀನೇ ಇಡು. ಚಿಕ್ಕಮ್ಮ ಬಹಳ ಹೊತ್ತು ಕೂಸಿನ ಮುಖ ನೋಡಿದಳು. ಕೂಸಿನ ಗಲ್ಲದ ಕೆಳಗೆ ಸಾಸಿವೆಯಷ್ಟು ಮಚ್ಚೆ ಇದೆ. ಕಿರುಬೆರಳನ್ನು ತನ್ನ ಗಲ್ಲದ ಕೆಳಗೆ ಮುಟ್ಟಿಸಿ ಎರಡು ಸಲ ತೋರಿಸಿದಳು. ನಾನು ಮಾಡಿದೆ, ಅತ್ತೆ ಮಾಡಿದಳು, ಬಾಗಿಲಲ್ಲಿ ನಿಂತಿದ್ದ ಮಾವ ಮಾಡಿದ. ಬಾಯಿಯ ಹೆಸರು ಚಿಕ್ಕಮ್ಮನ ಬದಲು, ಬಸವಕಲ್ಯಾಣದಿಂದ ಬಂದಿದ್ದ ಅವ್ವ ಕೂಗಿದಳು. ಅಜ್ಜಿ ಮಾತ್ರ ತಾಟಿನಲ್ಲಿ ಗುಗ್ಗರಿ ಹಾಕಿ ತಾಟು ಹಾಳು ಮಾಡಿದಿರಿ ಎಂದು ರಾತ್ರಿ ಊಟದ ತನಕ ಗೊಣಗಿದಳು.

ಮಾರ್ಚ್ ೧೫, ಭಾನುವಾರ, ಬೆಳಗ್ಗೆ ಒಂಬತ್ತು. ಚಿಕ್ಕಮ್ಮ ನನ್ನ ಜೊತೆ ಬರಲಿಲ್ಲ. ನಿನ್ನೆ ಶನಿವಾರ ಶಾಲೆ ಬಿಟ್ಟ ಮೇಲೆ ಮತ್ತೆ ಬಂದೆ. ಗಂಟು ಬಿಚ್ಚಿದೆ, ಕಂಬಳಿ ಅವಳ ಹಾಸಿಗೆಯ ಮೇಲಿದೆ, ಸೀರೆ ಹಗ್ಗದ ಮೇಲೆ. ತೊಟ್ಟಿಲ ಹಗ್ಗವನ್ನು ಅವಳೇ ಕಾಲಿಗೆ ಸುತ್ತಿಕೊಂಡು ತೂಗುತ್ತ ತೊಗರಿ ಹಸನು ಮಾಡುತ್ತಾಳೆ. ಬೀಗಿತ್ತಿ ಇನ್ನೂ ಅವಳ ಹತ್ತಿರ ಕೂರುವುದಿಲ್ಲ, ಆದರೆ ಹಗ್ಗ ಕಿತ್ತುಕೊಳ್ಳುವುದನ್ನು ಬಿಟ್ಟಿದ್ದಾರೆ.

ತಾಟು ಬಾರಿಸಲಿಲ್ಲವೆಂದು ಮನೆಯವರಿಗೆ ಸಮಾಧಾನವಿದೆಯೇ ಎಂದರೆ, ಇಲ್ಲ. ಈ ವಾರ ಈ ಮನೆಯಲ್ಲಿ ಎಲ್ಲರೂ ಕಳ್ಳರು. ಅಜ್ಜಿ ತೊಟ್ಟಿಲ ಹಿಂದೆ ಅಡಕೊತ್ತು ಬೀಳಿಸುತ್ತಾಳೆ, ಕೈ ಜಾರಿತು ಎನ್ನುತ್ತಾಳೆ. ಮಾವ ಸೈಕಲ್ಲನ್ನು ಪಡಸಾಲೆಯ ತನಕ ತಂದು ಗಂಟೆ ಒರೆಸುತ್ತಾನೆ. ಬೀಗಿತ್ತಿ ಬಳೆ ಎಣಿಸುತ್ತಾರೆ. ಅತ್ತೆ ಕೂಡ ನಿನ್ನೆ ನಾನು ಒಳಗೆ ಬಂದಾಗ ಕೂಸಿನ ಬೆನ್ನ ಕಡೆ ಚಿಟಿಕೆ ಹೊಡೆಯುತ್ತಿದ್ದವಳು ತಟ್ಟನೆ ಕೈ ತೊಳೆಯಲು ಹೋದಳು. ನಾನೂ ಹೊಡೆದೆ. ಒಬ್ಬೊಬ್ಬರನ್ನೇ ಕೇಳಿ ಇಲ್ಲಿಯ ತನಕ ಗುರುತು ಹಾಕಿದ್ದೇನೆ: ಬೆಚ್ಚಿತು ಎನ್ನುವವು ನಾಲ್ಕು, ಇಲ್ಲ ಎನ್ನುವವು ಮೂರು, ನಿದ್ದೆಯಲ್ಲಿತ್ತು ಎನ್ನುವವು ಐದು. ಇದರಿಂದ ಏನೂ ತಿಳಿಯುವುದಿಲ್ಲ.

ನಮ್ಮನ್ನು ನೋಡಿ ನಗುವವಳು ಚಿಕ್ಕಮ್ಮ ಒಬ್ಬಳೇ. ಅವಳು ಕಿವಿ ಕೇಳುತ್ತದೋ ಇಲ್ಲವೋ ನೋಡಲು ಹೋಗಿಲ್ಲ. ಕೂಸು ಎಚ್ಚರವಿದ್ದಾಗಲೆಲ್ಲ ಎದುರಿಗೆ ಕೂತು ಹಾಲು, ಬೆಕ್ಕು, ಅಜ್ಜಿ ಎಂದು ಕೈಯಲ್ಲಿ ಹೇಳುತ್ತಾಳೆ. ಈ ಸಲ ಅವಳ ಕೈಯನ್ನು ಯಾರೂ ಹಿಡಿಯುತ್ತಿಲ್ಲ.

ವಂಶವಾಹಿ ತಿದ್ದುವ ವಿದ್ಯೆ ನಮ್ಮ ಹುಮನಾಬಾದಿಗೆ ಎಂದು ಬರುತ್ತದೋ ಗೊತ್ತಿಲ್ಲ. ಬಂದರೆ ಅಪ್ಪನ ಔಷಧಕ್ಕೆ ನಾನೇ ಮೊದಲು ಸಾಲಿನಲ್ಲಿ ನಿಲ್ಲುತ್ತೇನೆ. ಹುಟ್ಟಬೇಕಾದ ಕೂಸಿನ ಕಿವಿಯ ವಿಷಯಕ್ಕೆ ನಿಲ್ಲುತ್ತೇನೆಯೇ? ನನ್ನ ಮಗುವಿಗೆ ಗಿರಣಿಯ ಸದ್ದು, ಜೋಗುಳ ಎಲ್ಲ ಕೇಳಿಸಲಿ ಎಂದು ಆಸೆ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅಣ್ಣ ಕಡಲೆಯ ಮೇಲೆ ಬೆರಳಿಟ್ಟು ಕೇಳಿದ ಪ್ರಶ್ನೆಗೆ ಉತ್ತರ ನಾಲ್ಕು ವರ್ಷವಾದರೂ ನನ್ನ ಹತ್ತಿರ ಇಲ್ಲ. ಅದು ಸಿಗುವ ಮೊದಲೇ ಯಾರಾದರೂ ನಮ್ಮ ಅಂಗಳಕ್ಕೆ ಬಂದು ಒಳ್ಳೆಯದಕ್ಕೇ ಹೇಳುತ್ತಿದ್ದೇವೆ ಎಂದರೆ, ಅಜ್ಜಿಯ ಹಾಗೆ ಅಂಗಳ ದಾಟಿಸುವ ಧೈರ್ಯ ನನಗಿರಬೇಕು.

ಅಲ್ಲಿಯವರೆಗೆ ತುರ್ತಾಗಿ ಬೇಕಾದದ್ದು ಸಣ್ಣದು. ಹಸುಗೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂದು ತಾಟು, ಗಂಟೆ, ಅಡಕೊತ್ತು ಇಲ್ಲದೆ ಮೊದಲ ತಿಂಗಳುಗಳಲ್ಲೇ ಸರಿಯಾಗಿ ನೋಡುವ ಜಾಗ ನಮ್ಮ ಕಡೆ, ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಇದೆಯೇ? ಅಣ್ಣನಿಗೆ ಹೋದ ಎರಡೂವರೆ ವರ್ಷ ಈ ಹುಡುಗಿಗೆ ಹೋಗಬಾರದು, ಅದಕ್ಕಾಗಿ. ಮತ್ತೆ, ಮೂಗುತಿ ಮುಟ್ಟಿ ಅಜ್ಜಿ ಎನ್ನುವ, ಬೆರಳು ತಿಕ್ಕಿ ಮಾವ ಎನ್ನುವ ಮನೆ ಬೇರೆ ಯಾವ ಊರಿನಲ್ಲಾದರೂ ಇದ್ದರೆ, ಆ ಮನೆಯ ಕೈಮಾತು ನಮ್ಮ ನೂರಾ ಎಂಬತ್ತೇಳರ ಜೊತೆ ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ನನಗೆ ತಿಳಿಯಬೇಕಾಗಿದೆ. ನೂರಾ ಎಂಬತ್ತೇಳನೆಯದು ಗಲ್ಲದ ಕೆಳಗಿನ ಮಚ್ಚೆ. ಈ ಬರಹವನ್ನು ಹೆಸರಿಲ್ಲದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ಬಲ್ಲವರು ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೇ ಒಂದು ಕಾರ್ಡು ಬರೆಯಿರಿ. ಅವರು ನನಗೆ ಮುಟ್ಟಿಸುತ್ತಾರೆ.